ಒಂದು ಪುಟ್ಟ ಗೆರೆಯ ಲೆಕ್ಕ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಶಾಲೆಯ ನಿವೃತ್ತ ಇಂಗ್ಲಿಷ್ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನ್ನನ್ನು ಕರೆಯಲು ಬಂದಾಗ, "ಮೇಷ್ಟ್ರೇ, ನೆನಪು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನೀವು ಒಂದು ಪಾಠ ಮಾಡಿಬಿಡಿ, ಮತ್ತೆ ತರಗತಿಯಲ್ಲಿ ಕೂತ ಹಾಗಾಗುತ್ತದೆ" ಎಂದರು. ಪಾಠ ಎಂದ ಮೇಲೆ ವಿಷಯ ಬೇಕಲ್ಲ. ನಾನು ಆರಿಸಿಕೊಂಡಿರುವುದು ಇಂಗ್ಲಿಷ್ ಬರವಣಿಗೆಯಲ್ಲಿ ಬರುವ ಪುಟ್ಟ ಅಡ್ಡಗೆರೆಯನ್ನು. ಒಂದರ ಹೆಸರು ಹೈಫನ್, ಇನ್ನೊಂದರ ಹೆಸರು ಡ್ಯಾಶ್. ಇಷ್ಟು ದೊಡ್ಡ ಸಮಾರಂಭಕ್ಕೆ ಇಷ್ಟು ಚಿಕ್ಕ ವಿಷಯವೇ ಎಂದು ನಗಬೇಡಿ. ಈ ಗೆರೆಯಿಂದ ಕೆಲಸ, ದುಡ್ಡು, ಜಮೀನು ಮೂರಕ್ಕೂ ತೊಂದರೆಯಾಗಬಹುದು. ಹೇಗೆಂದು ಹೇಳುತ್ತೇನೆ, ಕೇಳಿ.

ನಮ್ಮ ಮಕ್ಕಳಿಗೆ ಡ್ಯಾಶ್ ಎಂಬ ಮಾತು ಪರಿಚಯವಾಗುವುದೇ ಬಿಟ್ಟ ಸ್ಥಳ ತುಂಬುವುದರಿಂದ. "ಕರ್ನಾಟಕದ ರಾಜಧಾನಿ ಡ್ಯಾಶ್" ಎಂದು ಮೇಷ್ಟ್ರು ಓದುತ್ತಾರೆ, ಮಕ್ಕಳು "ಬೆಂಗಳೂರು" ಎನ್ನುತ್ತಾರೆ. ಅಲ್ಲಿಗೆ ಡ್ಯಾಶ್ ಎಂದರೆ ಖಾಲಿ ಜಾಗ ಎಂದಾಯಿತು. ಆಮೇಲೆ ಕಾಗದದ ಮೇಲೆ ಅಡ್ಡವಾಗಿ ಮಲಗಿದ್ದೆಲ್ಲವೂ ನಮಗೆ ಡ್ಯಾಶೇ. ಹೈಫನ್ನೂ ಡ್ಯಾಶ್, ಕಳೆಯುವ ಚಿಹ್ನೆಯೂ ಡ್ಯಾಶ್, ಅಕ್ಷರದ ಕೆಳಗೆ ಎಳೆದದ್ದೂ ಡ್ಯಾಶ್. ಎಮ್ಮೆಗೂ ಹಸುವಿಗೂ ಒಂದೇ ಹೆಸರಿಟ್ಟು ಸಾಕಿದ ಹಾಗೆ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಈ ಗೆರೆ ನಮ್ಮ ಬರವಣಿಗೆಯಲ್ಲಿ ಹುಟ್ಟಿದ್ದಲ್ಲ. ಬಿ.ಎಲ್. ರೈಸ್ ಅವರು ನಮ್ಮ ಜಿಲ್ಲೆಯ ಶಾಸನಗಳನ್ನೆಲ್ಲ ಕೂಡಿಸಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟವಾಗಿ 1905ರಲ್ಲಿ ಹೊರತಂದರು. ಆ ಕಾಲದ ಕಲ್ಲುಗಳನ್ನು ಹತ್ತಿರ ಹೋಗಿ ನೋಡಿ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಪದ ಮತ್ತು ಪದದ ನಡುವೆ ಜಾಗವಿಲ್ಲ. ಸಾಲು ಮುಗಿದರೆ ಪದ ಅಲ್ಲಿಗೇ ತುಂಡಾಗಿ ಕೆಳಗಿನ ಸಾಲಿಗೆ ಇಳಿಯುತ್ತದೆ. ಓದುವವನಿಗೆ ಭಾಷೆ ಗೊತ್ತಿದೆ, ಬಿಡಿಸಿಕೊಳ್ಳುತ್ತಾನೆ ಎಂಬ ನಂಬಿಕೆ. ಅಚ್ಚಿನ ಮನೆಗಳು ಬಂದ ಮೇಲೆ ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ, ಈ ಗೆರೆ ಎಲ್ಲವೂ ಕನ್ನಡದಲ್ಲಿ ನೆಲೆಯಾದವು. ಹೊರಗಿನಿಂದ ಬಂದದ್ದನ್ನು ಯಾರಾದರೂ ಹೇಳಿಕೊಡಬೇಕು. ತಾನಾಗಿ ಬರುವುದಿಲ್ಲ.

ಮೊದಲು ಗುರುತು ಹಿಡಿಯೋಣ. ಹೈಫನ್ ಗಿಡ್ಡ. ಅದರ ಎರಡು ಪಕ್ಕದಲ್ಲೂ ಜಾಗ ಬಿಡುವುದಿಲ್ಲ. ಎರಡು ಪದಗಳನ್ನು ಒಂದು ಮಾಡುವುದು ಅದರ ಕೆಲಸ. ಡ್ಯಾಶ್ ಉದ್ದ. ಅಚ್ಚಿನವರ ಲೆಕ್ಕದಲ್ಲಿ ಅದು ಎರಡು ಅಳತೆಯದು: ಇಂಗ್ಲಿಷಿನ ಎನ್ ಅಕ್ಷರವನ್ನು ನೆನೆದು ಹೆಸರಿಟ್ಟ ಎನ್ ಡ್ಯಾಶ್, ಎಮ್ ಅಕ್ಷರವನ್ನು ನೆನೆದು ಹೆಸರಿಟ್ಟ ಎಮ್ ಡ್ಯಾಶ್. ಟೈಪ್‌ರೈಟರಿನಲ್ಲಿ ಇವಕ್ಕೆಲ್ಲ ಇದ್ದದ್ದು ಒಂದೇ ಕೀಲಿ. ಅದಕ್ಕೇ ಹಳೆಯ ಟೈಪಿಸ್ಟರು ಡ್ಯಾಶ್ ಬೇಕಾದಾಗ ಹೈಫನ್ನನ್ನು ಎರಡು ಸಲ ಒತ್ತುತ್ತಿದ್ದರು. ಇವತ್ತಿನ ಕಂಪ್ಯೂಟರ್ ಕೀಲಿಮಣೆಯಲ್ಲೂ ಸೊನ್ನೆಯ ಪಕ್ಕದಲ್ಲಿ ಇರುವುದು ಅದೇ ಒಂದು ಕೀಲಿ. ಗೊಂದಲಕ್ಕೆ ಅದೂ ಒಂದು ಕಾರಣ.

ಈಗ ಹೈಫನ್. ಇದನ್ನು ವ್ಯಾಕರಣ ಪುಸ್ತಕದಿಂದ ಬೇಡ, ಕೊಟ್ಟಿಗೆಯಿಂದ ಶುರು ಮಾಡೋಣ. ನಮ್ಮ ಕಡೆ ಹಸು ಕಟ್ಟದ ಮನೆ ಕಡಿಮೆ. ಸಾಲಕ್ಕೋ ವಿಮೆಗೋ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕು ಎಂದಿಟ್ಟುಕೊಳ್ಳಿ. ನಿಮ್ಮ ಹತ್ತಿರ ಕಡಸುಗಳಿವೆ. ಇಂಗ್ಲಿಷಿನಲ್ಲಿ ಹೀಫರ್ ಎನ್ನುತ್ತಾರೆ. "ಟು-ಇಯರ್-ಓಲ್ಡ್ ಹೀಫರ್ಸ್" ಎಂದು ಎರಡು ಹೈಫನ್ ಹಾಕಿ ಬರೆದರೆ ಎರಡು ವರ್ಷ ವಯಸ್ಸಿನ ಕಡಸುಗಳು ಎಂದರ್ಥ. ಎಷ್ಟಿವೆ ಎಂದು ಇನ್ನೂ ಹೇಳಿಲ್ಲ. ಮೊದಲನೆಯ ಹೈಫನ್ ಬಿಟ್ಟು "ಟು ಇಯರ್-ಓಲ್ಡ್ ಹೀಫರ್ಸ್" ಎಂದು ಬರೆದರೆ ಒಂದು ವರ್ಷದ ಎರಡು ಕಡಸುಗಳು ಎಂದಾಗುತ್ತದೆ. ವರ್ಷದ ಕಡಸಿಗೂ ಎರಡು ವರ್ಷದ ಕಡಸಿಗೂ ಬೆಲೆ ಒಂದೇ ಏನು? ಹಾಲಿನ ಡೇರಿಗೆ ಹೋಗುವ ಯಾವ ಅಜ್ಜಿಯನ್ನಾದರೂ ಕೇಳಿ, ಹೇಳುತ್ತಾರೆ.

ಕನ್ನಡದಲ್ಲಿ ಇದಕ್ಕೆ ಗೆರೆ ಬೇಕಾಗುವುದಿಲ್ಲ. "ಎರಡು ವರ್ಷದ ಕಡಸು" ಎನ್ನುವಾಗ "ವರ್ಷದ" ಎಂಬಲ್ಲಿರುವ "ದ" ಪ್ರತ್ಯಯವೇ ಆ ಪದವನ್ನು ಕಡಸಿಗೆ ಕಟ್ಟಿಹಾಕುತ್ತದೆ. ಎರಡು ಎನ್ನುವುದು ಕಡಸಿನ ಲೆಕ್ಕವಾಗಿದ್ದರೆ ಪದದ ಜಾಗ ಬದಲಾಯಿಸಿ "ವರ್ಷದ ಎರಡು ಕಡಸು" ಎನ್ನುತ್ತೇವೆ. ಮನೆಯಲ್ಲಿ ತೆಲುಗು ಆಡುವವರು "ರೆಂಡೇಳ್ಳ ಆವು" ಎಂದರೂ ಅಷ್ಟೇ, ಪ್ರತ್ಯಯ ಕೆಲಸ ಮಾಡಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ಪ್ರತ್ಯಯವಿಲ್ಲ. ಪದಗಳು ಬರಿಮೈಯಲ್ಲಿ ಸಾಲಾಗಿ ನಿಲ್ಲುತ್ತವೆ. ಯಾವುದು ಯಾವುದರ ಜೊತೆ ಎಂದು ತೋರಿಸಲು ಅವರು ಹೈಫನ್ ಹಾಕುತ್ತಾರೆ. ನಮ್ಮ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಹೈಫನ್ ಮಾಡುತ್ತದೆ. ಇವತ್ತಿನ ಪಾಠದಲ್ಲಿ ಇದೊಂದನ್ನು ನೆನಪಿಟ್ಟುಕೊಂಡು ಮನೆಗೆ ಹೋದರೂ ನನಗೆ ಸಂತೋಷ.

ಇನ್ನೊಂದು ಉದಾಹರಣೆ ಮಂಡಿಯದು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. ಹೊರರಾಜ್ಯದ ಖರೀದಿದಾರರಿಗೆ ನಮ್ಮ ಹುಡುಗರು ಫೋನಿನಲ್ಲಿ ಇಂಗ್ಲಿಷ್ ಸಂದೇಶ ಕಳಿಸುತ್ತಾರೆ. "10-15 ಕೆಜಿ ಬಾಕ್ಸಸ್" ಎಂದು ಬರೆದರೆ ಹತ್ತು ಬಾಕ್ಸೋ, ಹತ್ತರಿಂದ ಹದಿನೈದು ಕೆಜಿ ತೂಗುವ ಬಾಕ್ಸುಗಳೋ? ಓದಿದವನು ತನಗೆ ಅನುಕೂಲವಾದದ್ದನ್ನು ತೆಗೆದುಕೊಳ್ಳುತ್ತಾನೆ. "ಟೆನ್ 15-ಕೆಜಿ ಬಾಕ್ಸಸ್" ಎಂದು ಮೊದಲ ಸಂಖ್ಯೆಯನ್ನು ಅಕ್ಷರದಲ್ಲಿ ಬರೆದು, ಎರಡನೆಯದನ್ನು ಕೆಜಿಗೆ ಹೈಫನ್‌ನಿಂದ ಕಟ್ಟಿದರೆ ಜಗಳಕ್ಕೆ ಜಾಗವೇ ಇರುವುದಿಲ್ಲ.

ಮೂರನೆಯದು ನಮ್ಮ ಶಾಲೆಯ ಹುಡುಗನೊಬ್ಬನದು. ಹೆಸರು ಹೇಳುವುದಿಲ್ಲ, ಇಲ್ಲೇ ಕೂತಿದ್ದರೂ ಇರಬಹುದು. ಡಿಪ್ಲೊಮಾ ಮುಗಿಸಿ ಕಾರ್ಖಾನೆಯೊಂದಕ್ಕೆ ಸೇರಿದ್ದ. ಕರಾರು ಪತ್ರದಲ್ಲಿ ಅವನ ಸಹಿ ಸರಿಯಾಗಿ ಮೂಡಿರಲಿಲ್ಲ, ಮತ್ತೆ ಸಹಿ ಮಾಡಬೇಕು ಎಂದು ಕಚೇರಿಯಿಂದ ಹೇಳಿಕಳಿಸಿದರು. ಇವನು ವಿನಯದಿಂದ ಇಂಗ್ಲಿಷಿನಲ್ಲಿ ಉತ್ತರ ಬರೆದ: ನಾಳೆ ಬಂದು ಮತ್ತೆ ಸಹಿ ಮಾಡುತ್ತೇನೆ ಎಂದು. ಮತ್ತೆ ಸಹಿ ಮಾಡು ಎನ್ನುವುದಕ್ಕೆ "ರೀ-ಸೈನ್" ಎಂದು ನಡುವೆ ಹೈಫನ್ ಇರಬೇಕು. ಇವನು ಸೇರಿಸಿ ಬರೆದಿದ್ದ. ಸೇರಿಸಿದರೆ ಅದು "ರಿಸೈನ್", ಎಂದರೆ ರಾಜೀನಾಮೆ! ನಾಳೆ ರಾಜೀನಾಮೆ ಕೊಡುತ್ತೇನೆ ಎಂದು ಓದಿಕೊಂಡ ಕಚೇರಿಯವರು ಅವನ ಲೆಕ್ಕ ಚುಕ್ತಾ ಮಾಡಲು ಕಾಗದ ಸಿದ್ಧಮಾಡಿದ್ದರಂತೆ. ಅವನ ಪುಣ್ಯ, ಮೇಲ್ವಿಚಾರಕರು ಕರೆದು, "ಯಾಕಪ್ಪಾ, ಏನು ಕಷ್ಟ?" ಎಂದು ಕೇಳಿದರು. ಎಲ್ಲರೂ ಹಾಗೆ ಕರೆದು ಕೇಳುವುದಿಲ್ಲ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ನಮ್ಮ ಎಷ್ಟೋ ಮಕ್ಕಳು ಹೋಗುತ್ತಿದ್ದಾರೆ. ಯಂತ್ರದ ಕೆಲಸ ಅವರು ಬೇಗ ಕಲಿಯುತ್ತಾರೆ. ಅವರ ಬಗ್ಗೆ ಮೇಲಿನವರು ಮಾಡಿಕೊಳ್ಳುವ ಅಂದಾಜು ಮಾತ್ರ ಹಲವು ಸಲ ಇಂತಹ ಎರಡು ಸಾಲಿನ ಕಾಗದದಿಂದಲೇ.

ಇದೇ ಜಾತಿಯ ಇನ್ನೊಂದು ಪದ ನಮ್ಮೂರ ಬೋರ್ಡುಗಳಲ್ಲೇ ಇದೆ: "ಕೋ-ಆಪರೇಟಿವ್". ನಡುವೆ ಹೈಫನ್ ಹಾಕುವ ವಾಡಿಕೆ ಏಕೆ ಬಂತೆಂದರೆ, ಸೇರಿಸಿ ಬರೆದರೆ ಮೊದಲ ನಾಲ್ಕು ಅಕ್ಷರ "ಕೂಪ್" ಎಂದು ಕಾಣುತ್ತದೆ. ಇಂಗ್ಲಿಷಿನಲ್ಲಿ ಕೂಪ್ ಎಂದರೆ ಕೋಳಿಗೂಡು. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ ಇಂಗ್ಲಿಷ್ ಹೆಸರಿನಲ್ಲೂ ಆ ಹೈಫನ್ ಇದೆ. ಈಗ ಸೇರಿಸಿ ಬರೆಯುವವರೂ ಇದ್ದಾರೆ, ಅದು ತಪ್ಪಲ್ಲ. ನಿಮ್ಮ ಸಂಘದ ಹೆಸರು ನೋಂದಣಿಯಲ್ಲಿ ಹೇಗಿದೆಯೋ ಹಾಗೆಯೇ ಬ್ಯಾಂಕಿನಲ್ಲೂ ಬರೆಯಿರಿ, ಸಾಕು.

ಇಲ್ಲಿ ಕನ್ನಡದ ಮಕ್ಕಳಿಗೆ ಒಂದು ಎಚ್ಚರಿಕೆ ಹೇಳಬೇಕು. ನಾವೂ ಈ ಗೆರೆಯನ್ನು ಬಳಸುತ್ತೇವೆ, ಆದರೆ ಬೇರೆ ಕೆಲಸಕ್ಕೆ. ತಂದೆ-ತಾಯಿ, ಹೊಲ-ಗದ್ದೆ, ಊಟ-ತಿಂಡಿ, ನೆಂಟರು-ಇಷ್ಟರು. ಇಲ್ಲಿ ಗೆರೆಗೆ "ಮತ್ತು" ಎಂದು ಅರ್ಥ. ಇಬ್ಬರೂ ಸಮಾನರು. ಅದೇ ಅಭ್ಯಾಸದಲ್ಲಿ ಮಕ್ಕಳು ಇಂಗ್ಲಿಷಿನಲ್ಲೂ "ಮೈ ಫಾದರ್-ಮದರ್" ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಹಾಗೆ ನಡೆಯದು, ನಡುವೆ "ಆ್ಯಂಡ್" ಬರಲೇಬೇಕು. ಅಲ್ಲಿ ಹೈಫನ್ ಹಾಕಿದ ಜೋಡಿ ಸಾಮಾನ್ಯವಾಗಿ ಮುಂದೆ ಬರುವ ಪದದ ಸೇವೆಗೆ ನಿಂತಿರುತ್ತದೆ. "ವೆಲ್-ನೋನ್ ಟೀಚರ್" ಎಂದರೆ ಹೆಸರಾಂತ ಶಿಕ್ಷಕಿ. ಜೋಡಿ ಟೀಚರ್ ಎಂಬ ಪದದ ಮುಂದೆ ನಿಂತಿದೆ, ಹೈಫನ್ ಬೇಕು. "ದಿ ಟೀಚರ್ ಈಸ್ ವೆಲ್ ನೋನ್" ಎಂದು ಕೊನೆಯಲ್ಲಿ ಬಂದಾಗ ಸೇವೆ ಮಾಡಲು ಮುಂದೆ ಯಾರೂ ಇಲ್ಲ, ಹೈಫನ್ ಬೇಡ. "ನ್ಯೂಲಿ ಬಿಲ್ಟ್ ರೂಮ್" ಎಂಬಂತೆ ಮೊದಲ ಪದ "ಲಿ" ಎಂದು ಮುಗಿಯುವ ಕ್ರಿಯಾವಿಶೇಷಣವಾಗಿದ್ದರೆ ಮುಂದೆ ನಿಂತರೂ ಹೈಫನ್ ಬೇಡ. ಆ "ಲಿ"ಯೇ ಪ್ರತ್ಯಯದಂತೆ ಕೆಲಸ ಮಾಡಿಬಿಟ್ಟಿದೆ.

ಚೆಕ್ ಬರೆಯುವವರಿಗೆ ಒಂದು ಮಾತು. ಇಂಗ್ಲಿಷಿನಲ್ಲಿ ಟ್ವೆಂಟಿ-ಒನ್‌ನಿಂದ ನೈಂಟಿ-ನೈನ್‌ವರೆಗೆ ಎರಡು ಪದದ ಸಂಖ್ಯೆಗಳಿಗೆಲ್ಲ ಹೈಫನ್ ಇದೆ. "ಫಾರ್ಟಿ-ಫೈವ್ ಥೌಸಂಡ್" ಎನ್ನುವಲ್ಲಿ ಫಾರ್ಟಿ ಮತ್ತು ಫೈವ್ ನಡುವೆ ಮಾತ್ರ. ಇನ್ನು ನಾವು ರಸೀದಿಯಲ್ಲಿ ರೂ. 500/- ಎಂದು ಬರೆಯುತ್ತೇವಲ್ಲ, ಆ ಕೊನೆಯ ಗೆರೆಗೆ ಪೈಸೆ ಏನೂ ಇಲ್ಲ ಎಂದು ಅರ್ಥ. ಮುಂದೆ ಯಾರೂ ಇನ್ನೊಂದು ಸೊನ್ನೆ ಸೇರಿಸದ ಹಾಗೆ ಅದು ಬೀಗವೂ ಹೌದು. ನಮ್ಮ ಅಂಗಡಿಯವರಿಗೆ, ಶಾನುಭೋಗರಿಗೆ ಗೆರೆಯ ಬೆಲೆ ಮೊದಲಿಂದಲೂ ಗೊತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ಡ್ಯಾಶ್‌ಗೆ ಬರೋಣ. ನಡುಗಾತ್ರದ ಎನ್ ಡ್ಯಾಶ್‌ಗೆ ಕನ್ನಡದಲ್ಲಿ ಅರ್ಥ ಹೇಳುವುದು ಸುಲಭ: "ಇಂದ... ವರೆಗೆ". ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಹೆಸರಿನ ಮುಂದೆ 1887–1975 ಎಂದಿರುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ ಊರಿನ ಹೆಸರನ್ನೇ ಹೊತ್ತ ವೆಂಕಟೇಶ ಅಯ್ಯಂಗಾರರ ಮುಂದೆ 1891–1986 ಎಂದಿರುತ್ತದೆ. ಮಕ್ಕಳು ಅದನ್ನು ಮೈನಸ್ ಎಂದು ಓದಬಾರದು, ಇಷ್ಟನೆಯ ಇಸವಿಯಿಂದ ಇಷ್ಟನೆಯ ಇಸವಿಯವರೆಗೆ ಎಂದು ಓದಬೇಕು. ಊರುಗಳ ನಡುವೆಯೂ ಇದೇ ಗೆರೆ: ಬೆಂಗಳೂರು–ಚೆನ್ನೈ ರೈಲು ಮಾರ್ಗ, ಶ್ರೀನಿವಾಸಪುರದ ಮೇಲೆ ಹೋಗುವ ಕೋಲಾರ–ಚಿಕ್ಕಬಳ್ಳಾಪುರ ಮಾರ್ಗ. ಇಂಗ್ಲಿಷಿನಲ್ಲಿ "ಫ್ರಮ್" ಎಂದು ಶುರು ಮಾಡಿದರೆ ಮಾತ್ರ ಗೆರೆ ಹಾಕಬೇಡಿ, "ಟು" ಎಂದು ಬರೆಯಿರಿ. "ಫ್ರಮ್ 1887–1975" ಎಂದರೆ ಅರ್ಧ ಮಾತಿನಲ್ಲಿ, ಅರ್ಧ ಗೆರೆಯಲ್ಲಿ ಹೇಳಿದ ಹಾಗಾಗುತ್ತದೆ.

ಜಮೀನಿನ ವಿಷಯದಲ್ಲಿ ಈ ಗೆರೆ ಬಂದರೆ ಎರಡು ಸಲ ಓದಿ. ಇಂಗ್ಲಿಷ್ ಕರಾರಿನಲ್ಲಿ ಸರ್ವೆ ನಂಬರ್ 45–47 ಎಂದಿದ್ದರೆ 45, 46, 47 ಮೂರೂ ಸೇರುತ್ತವೆ. ನೀವು ಕೊಡಲು ಒಪ್ಪಿದ್ದು 45 ಮತ್ತು 47 ಮಾತ್ರ ಆಗಿದ್ದರೆ ನಡುವಿನ 46 ಯಾರದು? 45/2 ಎಂದು ಓರೆಗೆರೆ ಇದ್ದರೆ ಅದು 45ರೊಳಗಿನ ಎರಡನೆಯ ಹಿಸ್ಸೆ, ಅದು ಬೇರೆಯೇ ಲೆಕ್ಕ. ಬೆಂಗಳೂರು ನಮ್ಮ ಹೊಲಗಳ ಹತ್ತಿರಕ್ಕೆ ಬರುತ್ತಿರುವ ಕಾಲ ಇದು. ಇಂತಹ ಕಾಗದದಲ್ಲಿ ಗೆರೆಯನ್ನೇ ನಂಬಬೇಡಿ. ಒಂದೊಂದು ನಂಬರನ್ನೂ ಬಿಡಿಬಿಡಿಯಾಗಿ, ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಓದಿದ ಮಕ್ಕಳು ಮನೆಯಲ್ಲಿದ್ದರೆ ಸಹಿಗೆ ಮೊದಲು ಅವರ ಕೈಗೆ ಕೊಟ್ಟು ಓದಿಸಿ.

ಉದ್ದದ ಎಮ್ ಡ್ಯಾಶ್ ಪದಗಳದ್ದಲ್ಲ, ವಾಕ್ಯದ್ದು. ಮಾತಿನ ನಡುವೆ ಒಂದು ಕ್ಷಣ ತಡೆದು, "ಅಂದರೆ" ಎಂದು ವಿವರ ಹೇಳುತ್ತೇವಲ್ಲ, ಆ ತಡೆಯ ಜಾಗ ಅದು. ಕಥೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಅರ್ಧಕ್ಕೆ ಕತ್ತರಿಸಿದಾಗಲೂ ಬರುತ್ತದೆ. ವಾಕ್ಯದ ನಡುವೆ ವಿವರ ಬಂದರೆ ಎರಡು ಕಡೆಯೂ ಹಾಕಬೇಕು. ಬೇಲಿಯನ್ನು ಒಂದೇ ಕಡೆ ಹಾಕಿದರೆ ದನ ಇನ್ನೊಂದು ಕಡೆಯಿಂದ ನುಗ್ಗುತ್ತದೆ. ಅರ್ಜಿ, ಮನವಿ, ಕಚೇರಿ ಪತ್ರಗಳಲ್ಲಿ ಇದರ ಅಗತ್ಯ ಬಹಳ ಕಡಿಮೆ. ಅಲ್ಲಿ ಪೂರ್ಣವಿರಾಮ ಹಾಕಿ ಹೊಸ ವಾಕ್ಯ ಶುರು ಮಾಡುವುದೇ ಲೇಸು.

ಇನ್ನೊಂದು ಅಭ್ಯಾಸ. ಕನ್ನಡದಲ್ಲಿ ವಿವರಣಾತ್ಮಕ ಚಿಹ್ನೆ ಎಂದು ಎರಡು ಚುಕ್ಕಿಯ ಪಕ್ಕ ಗೆರೆ ಹಾಕುವುದನ್ನು ಕಲಿಸಿದ್ದೇವೆ. ಅದನ್ನು ಮಕ್ಕಳು ಇಂಗ್ಲಿಷ್ ಅರ್ಜಿಗೂ ಒಯ್ದು "ಸಬ್ಜೆಕ್ಟ್:-" ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಎರಡು ಚುಕ್ಕಿ ಸಾಕು. ಹಾಗೆಯೇ ಇಮೇಲ್ ವಿಳಾಸ ಹೇಳುವಾಗ ಮೇಲಿನ ಗೆರೆಗೆ ಹೈಫನ್, ಅಕ್ಷರದ ಬುಡದಲ್ಲಿ ಮಲಗಿದ ಗೆರೆಗೆ ಅಂಡರ್‌ಸ್ಕೋರ್ ಎಂದೇ ಹೇಳಿ. ಎರಡನ್ನೂ ಡ್ಯಾಶ್ ಎಂದರೆ, ಸಂದರ್ಶನಕ್ಕೆ ಕರೆದ ಪತ್ರ ಇನ್ಯಾರದೋ ವಿಳಾಸಕ್ಕೆ ಹೋಗಿ ಬೀಳುತ್ತದೆ. ನಾವು ಕಂಪನಿಯವರು ಕರೆಯಲೇ ಇಲ್ಲ ಎಂದು ಬೇಜಾರಾಗುತ್ತೇವೆ.

ಇಷ್ಟು ಚಿಕ್ಕದಕ್ಕೆ ಇಷ್ಟು ರಗಳೆ ನಮಗೆ ಮಾತ್ರವೇ ಎಂದುಕೊಳ್ಳಬೇಡಿ. 1962ರ ಜುಲೈ 22ರಂದು ಅಮೆರಿಕದ ನಾಸಾ ಸಂಸ್ಥೆ ಶುಕ್ರಗ್ರಹದ ಕಡೆಗೆ ಮ್ಯಾರಿನರ್-1 ಎಂಬ ನೌಕೆಯನ್ನು ಹಾರಿಸಿತು. ರಾಕೆಟ್ ದಾರಿ ತಪ್ಪಿತು, ಐದು ನಿಮಿಷ ತುಂಬುವುದರೊಳಗೆ ಅದನ್ನು ಆಕಾಶದಲ್ಲೇ ನಾಶಮಾಡಬೇಕಾಯಿತು. ಗಣಕದ ಸೂಚನೆಗಳಲ್ಲಿ ಒಂದು ಹೈಫನ್ ಬಿಟ್ಟುಹೋಗಿತ್ತು ಎಂದು ಆಗ ಹೇಳಿದರು. ಅದು ಒಂದು ಅಕ್ಷರದ ಮೇಲೆ ಎಳೆಯಬೇಕಾಗಿದ್ದ ಗೆರೆ ಎನ್ನುವ ವಿವರಣೆಯೂ ಇದೆ. ಯಾವುದಾದರೇನು, ಬಿಟ್ಟುಹೋದದ್ದು ಒಂದು ಪುಟ್ಟ ಗೆರೆ.

ಹಾಗೆಂದು ಮಕ್ಕಳು ಹೆದರಬೇಕಾಗಿಲ್ಲ. ಇಂಗ್ಲಿಷಿನವರೇ ಇದರಲ್ಲಿ ಆಗಾಗ ಮನಸ್ಸು ಬದಲಾಯಿಸುತ್ತಾರೆ. ನನ್ನ ಹಿರಿಯರು ಓದಿದ ಪುಸ್ತಕಗಳಲ್ಲಿ "ಟು-ಡೇ", "ಟು-ಮಾರೋ" ಎಂದು ಹೈಫನ್ ಇರುತ್ತಿತ್ತು, ಈಗಿಲ್ಲ. 2007ರಲ್ಲಿ ಬಂದ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ 6ನೆಯ ಆವೃತ್ತಿಯಲ್ಲಿ ಸುಮಾರು 16,000 ಪದಗಳ ಹೈಫನ್ ತೆಗೆದುಹಾಕಿದರು. "ಐಸ್ ಕ್ರೀಮ್" ಎರಡು ಬಿಡಿ ಪದವಾಯಿತು, "ಬಂಬಲ್‌ಬೀ" ಕೂಡಿ ಒಂದೇ ಪದವಾಯಿತು. ಆದ್ದರಿಂದ ಪಟ್ಟಿ ಬಾಯಿಪಾಠ ಮಾಡಬೇಡಿ. ಅನುಮಾನ ಬಂದರೆ ನಿಘಂಟು ನೋಡಿ. ಅದಕ್ಕಿಂತ ಮೊದಲು ಬರೆದದ್ದನ್ನು ಓದಿ, ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಪದ ಯಾವ ಪದದ ಜೊತೆ ಹೋಗಬೇಕು? ಇದನ್ನು ಇನ್ನೊಂದು ಅರ್ಥದಲ್ಲಿ ಓದಲು ಆಗುತ್ತದೆಯೇ? ಆಗುವುದಾದರೆ ಗೆರೆ ಹಾಕಿದರೆ ಸಾಕೋ, ವಾಕ್ಯವನ್ನೇ ಬದಲಾಯಿಸಬೇಕೋ? ಇಷ್ಟು ಕೇಳಿಕೊಳ್ಳುವ ಮಗು ಯಾವ ಭಾಷೆಯಲ್ಲೂ ಸೋಲುವುದಿಲ್ಲ.

ಈಗ ಪಾಠ ಮಾಡುತ್ತಿರುವ ಶಿಕ್ಷಕರಲ್ಲಿ ಒಂದು ವಿನಂತಿ. ಈ ಗೆರೆಗಳನ್ನು ಚಿಹ್ನೆಗಳ ಪಟ್ಟಿಯಲ್ಲಿ ಕೊನೆಯ ಸಾಲಾಗಿ ಮುಗಿಸಿಬಿಡಬೇಡಿ. ಕಡಸು, ಟೊಮೆಟೊ ಬಾಕ್ಸು, ಹಾಲಿನ ಸಂಘದ ಬೋರ್ಡು, ಮಾವಿನ ತೋಟದ ಸರ್ವೆ ನಂಬರು, ಇವನ್ನೇ ಕಪ್ಪುಹಲಗೆಯ ಮೇಲೆ ಬರೆಯಿರಿ. ಗೆರೆ ಹಾಕಿ ಒಮ್ಮೆ, ಅಳಿಸಿ ಒಮ್ಮೆ ಓದಿಸಿ. ಏನು ಬದಲಾಯಿತು ಎಂದು ಕನ್ನಡದಲ್ಲೇ ಕೇಳಿ. ಕನ್ನಡದಲ್ಲಿ ಉತ್ತರ ಬಂದರೆ ಇಂಗ್ಲಿಷ್ ಅರ್ಥವಾಯಿತು ಎಂದೇ ಲೆಕ್ಕ.

ಪಟ್ಟಣದ ದೊಡ್ಡ ಶಾಲೆಗಳ ಮಕ್ಕಳಿಗೆ ಇಂತಹದನ್ನು ಮನೆಯಲ್ಲಿ ಹೇಳಿಕೊಡುವವರು ಇರುತ್ತಾರೆ. ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾದವರು ಈ ಶಾಲೆ ಮತ್ತು ಈ ಶಾಲೆಯಲ್ಲಿ ಓದಿ ಮುಂದೆ ಹೋದ ನೀವು. ಊರಿಗೆ ಬಂದಾಗ ಒಂದು ಗಂಟೆ ಬಿಡುವು ಮಾಡಿಕೊಂಡು ಹತ್ತನೆಯ ತರಗತಿಯವರ ಜೊತೆ ಕೂತು ಒಂದು ಅರ್ಜಿ, ಒಂದು ಚೆಕ್ಕು, ಒಂದು ಇಮೇಲ್ ಬರೆಸಿ. ಕಟ್ಟಡಕ್ಕೆ ನೀವು ಕೊಟ್ಟ ದೇಣಿಗೆಗೆ ಊರು ಋಣಿ. ಈ ಒಂದು ಗಂಟೆಗೆ ಮಕ್ಕಳು ಋಣಿಗಳಾಗಿರುತ್ತಾರೆ.

ಶಾಲೆಗೆ ಐವತ್ತು ತುಂಬಿದೆ. ಇನ್ನೂ ಐವತ್ತು ತುಂಬಲಿ, ಆಗ ಇಲ್ಲಿ ನಿಂತು ಮಾತಾಡುವವರು ಈಗ ಮುಂದೆ ಕೂತಿರುವ ಈ ಮಕ್ಕಳೇ ಆಗಲಿ ಎಂದು ಹಾರೈಸುತ್ತೇನೆ.